ಮುಂದಿನ ಸಾಲು ಕೂತರೆ

ಮೊದಲ ದಿನವೇ ಹೆಸರು ಹಿಡಿದು ಕೂಗಿಬಿಟ್ಟೆ.
ನಾಟಕಶಾಲೆಯ ಹಿಂಬಾಗಿಲು, ಫೆಬ್ರವರಿಯ ಚಳಿ,
ಸೇತುವೆಯಾಚೆ ಒಂಬತ್ತೂಕಾಲರ ರೈಲು.
ಸಂಜೆಯೆಲ್ಲ ರಾಜಕುಮಾರನಾಗಿದ್ದವಳು
ಬೂದು ಕೋಟಿನಲ್ಲಿ, ಹೆಗಲಿಗೊಂದು ಚೀಲ ಹಾಕಿ ಹೊರಬಂದಳು.
"ಹಯಾನೆ ಸಾನ್!"
ದನಿ ಗೋಡೆಗೆ ಬಡಿದು ನನಗೇ ವಾಪಸು ಬಂತು.
ಅರವತ್ತು ಹೆಂಗಸರು, ಒಂದೇ ನೀಲಿ ಶಾಲು,
ಒಬ್ಬರೂ ತಿರುಗಲಿಲ್ಲ.
ತಿರುಗದಿರುವುದೂ ನಿಯಮವೇ, ಆಮೇಲೆ ತಿಳಿಯಿತು.

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.
ಮರುದಿನ ಇತ್ಸುಕೋ ಸಾನ್,
ಎಪ್ಪತ್ತೊಂದು ವರ್ಷ, ಮಂಡಿಗೆ ಪಟ್ಟಿ,
ಮೊದಲ ಸಾಲಿನ ಎಡತುದಿ ಅವರದು,
ಈಕೆ ಅವರ ನಾಲ್ಕನೆಯ ರಾಜಕುಮಾರ,
ಕೆಮ್ಮಿನ ಗುಳಿಗೆ ಕೊಡುವ ಹಾಗೆ ಅಂಗೈಗೊಂದು ಚೀಟಿ ಇಟ್ಟರು:
ಮುಂದಿನ ಸಾಲು ಕೂತರೆ ನೀವೂ ಕೂರಿ. ಎದ್ದರೆ ಏಳಿ.

ಉಳಿದದ್ದು ಯಾರೂ ಬರೆದುಕೊಡಲಿಲ್ಲ.
ಮಂಡಿ ನೋಡಿ ಕಲಿತೆ, ಬೆನ್ನು ನೋಡಿ ಕಲಿತೆ.
ಕಾಗದ ಕೊಡಬಹುದು, ಕೈ ತಾಗಬಾರದು.
ಲಕೋಟೆ ಅಂಟಿಸಬಾರದು, ಬಿಡಿಸುವ ಬೆರಳಿಗೂ ದಣಿವಿದೆ.
ಕೊನೆಯ ಅಂಕದಲ್ಲಿ ಸಾಯುವುದು ಯಾರೆಂದು
ನಾಳೆ ನೋಡುವವರೆದುರು ಹೇಳಬಾರದು;
ಹೇಳದೆ ಕಣ್ಣೊರೆಸಿಕೊಂಡರೂ ಹೇಳಿದಂತೆಯೇ.
ಹಸಿರು ಶಾಲಿನವರ ನಟಿ ಮಾತು ಮರೆತರೆ
ನಗಬಾರದು, ಅವರೂ ಇದೇ ಚಳಿಯಲ್ಲಿ ಕೂತವರು.
ಎಷ್ಟು ಸಲ ನೋಡಿದೆನೆಂದು ಲೆಕ್ಕ ಹೇಳಬಾರದು.
ಇದೊಂದನ್ನು ಎಲ್ಲರೂ ಮುರಿಯುತ್ತಾರೆ.
ಇತ್ಸುಕೋ ಸಾನ್ ಕೂಡ: ನೂರ ಎಂಬತ್ತಮೂರು.

ಒಮ್ಮೆ ಕೇಳಿಯೂ ಬಿಟ್ಟೆ, ಕೂಗಿದರೆ ಏನಾಗುತ್ತದೆ?
ಫ್ಲಾಸ್ಕಿನ ಮುಚ್ಚಳಕ್ಕೆ ಬಾರ್ಲಿ ಚಹಾ ಬಗ್ಗಿಸುತ್ತ ಅಂದರು:
"ಏನೂ ಆಗುವುದಿಲ್ಲ. ಅವಳು ತಿರುಗುತ್ತಾಳೆ.
ಒಬ್ಬರಿಗೆ ಮುಖ, ಐವತ್ತೊಂಬತ್ತು ಜನಕ್ಕೆ ಬೆನ್ನು."
ಲೆಕ್ಕ ಸರಿಯಾಗಿಯೇ ಇತ್ತು. ಆದರೂ ರೈಲಿನಲ್ಲಿ
ಕಿಟಕಿಗೆ ಹಣೆ ಒತ್ತಿ ಸಿಟ್ಟುಮಾಡಿಕೊಂಡೆ:
ಪ್ರೀತಿಗೂ ಇಷ್ಟು ಇಸ್ತ್ರಿಯೆ?

ಹಗಲು ನಾನು ಹಲ್ಲಿನ ಡಾಕ್ಟರ ಬಾಗಿಲಲ್ಲಿ
ಹೆಸರು ಬರೆದುಕೊಳ್ಳುವವಳು.
ನವೆಂಬರಿನ ಒಂದು ಮಂಗಳವಾರ, ಟೋಪಿ, ಮುಖಗವಸು,
ಕೆನ್ನೆಯನ್ನು ಅಂಗೈಯಲ್ಲಿ ಹೊತ್ತು ಒಬ್ಬಾಕೆ ಬಂದಳು.
ಅರ್ಜಿಯಲ್ಲಿ ಬರೆದ ಹೆಸರು ಬೇರೆ, ತೀರ ಸಾಧಾರಣ,
ತರಕಾರಿ ಅಂಗಡಿಯ ಬೋರ್ಡಿನ ಮೇಲಿರುವಂಥದು.
ಪೆನ್ನಿಗೆ ಮುಚ್ಚಳ ಹಾಕಿದ ರೀತಿ ಮಾತ್ರ
ಕತ್ತಿಯನ್ನು ಒರೆಗೆ ಸೇರಿಸುವ ಅದೇ ಮಣಿಕಟ್ಟು.

ಅರವತ್ತು ಹೆಂಗಸರು ನನ್ನ ಗಂಟಲಲ್ಲಿ ಎದ್ದು ನಿಂತರು.
ಮುಂದಿನ ಸಾಲು ಎಲ್ಲಿದೆ? ಯಾರ ಮಂಡಿ ನೋಡಲಿ?
"ವಿಮಾ ಕಾರ್ಡು ಕೊಡಿ," ಅಂದೆ. "ಔಷಧದ ಅಲರ್ಜಿ ಏನಾದರೂ?"
"ಇಲ್ಲ."
"ಕೂತಿರಿ."
ಕೂತಳು. ನಾನೂ ಕೂತೆ.
ಒಳಗೆ ಯಂತ್ರದ ಸದ್ದು; ನಡುವೆ ಒಮ್ಮೆ
ಮಗುವಿನದರಂಥ ಒಂದು ನರಳು,
ಎರಡು ಸಾವಿರ ಕುರ್ಚಿಗಳಿಗೆ ಎಂದೂ ಕೇಳಿಸದ ದನಿ.
ಹತ್ತಿ ಕಚ್ಚಿಕೊಂಡು ಹೊರಬಂದಾಗ
ಚಿಲ್ಲರೆ ಎಣಿಸಿ ತಟ್ಟೆಯಲ್ಲಿಟ್ಟೆ. ಕೈ ತಾಗಲಿಲ್ಲ.

ಮರುದಿನ ಆಟ ಮುಗಿದ ಮೇಲೆ ತೊಡೆಯ ಮೇಲೆ ಹಾಳೆಯಿಟ್ಟು ಬರೆದೆ:
ಎರಡನೆಯ ಅಂಕದ ಟೋಪಿ ಇವತ್ತು
ಒಂದು ಬೆರಳು ವಾಲಿತ್ತು, ಹಾಗೇ ಇರಲಿ, ಚೆನ್ನಾಗಿದೆ.
ಕೊನೆಗೆ "ಹುಷಾರು" ಅಂತ ಬರೆದು
ಇನ್ನೊಂದು ಹಾಳೆ ತೆಗೆದುಕೊಂಡೆ.

ಹಿಂಬಾಗಿಲು ತೆರೆಯಿತು. ಎಡಗೆನ್ನೆ ಇನ್ನೂ ದಪ್ಪ.
ಸಾಲಿನುದ್ದಕ್ಕೂ ಒಂದೊಂದೇ ಲಕೋಟೆ ತೆಗೆದುಕೊಳ್ಳುತ್ತ ಬಂದು
ನನ್ನೆದುರು... ಇಲ್ಲ, ನಿಲ್ಲಲಿಲ್ಲ.
ಒಂದು ಹೆಜ್ಜೆ ಕೊಂಚ ತಡವಾಯಿತು,
ತಾಳಕ್ಕಿಂತ ಅರ್ಧ ಮಾತ್ರೆ ಹಿಂದೆ.
ಅಷ್ಟೇ. ಅಥವಾ ನೆಲ ಜಾರುತ್ತಿತ್ತು.

ಇತ್ಸುಕೋ ಸಾನ್ ತಿರುಗಿ ನೋಡಲಿಲ್ಲ.
ಫ್ಲಾಸ್ಕಿನ ಮುಚ್ಚಳವನ್ನು ಮಾತ್ರ ಹೆಗಲ ಮೇಲಿಂದ
ಹಿಂದಕ್ಕೆ, ನನ್ನತ್ತ ಚಾಚಿದರು.
ಚಹಾ ನಾಲಗೆ ಸುಡುವಷ್ಟು ಬಿಸಿಯಿತ್ತು.
ಮುಂದಿನ ಸಾಲು ಏಳಲು ಇನ್ನೂ ಹೊತ್ತಿತ್ತು.